ಘಟ್ಟ ಹತ್ತಿದರೆ ಗಟ್ಟಿ, ಇಳಿದರೆ ನೀರು: ತೆಂಗಿನೆಣ್ಣೆಯ ಫ್ರಿಜ್ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಕರಾವಳಿಯ ಮನೆಗಳಲ್ಲಿ ಈಚೆಗೆ ಎರಡು ತದ್ವಿರುದ್ಧ ದೂರುಗಳು ಕೇಳಿಬರುತ್ತಿವೆ. ಊರಿನಿಂದ ಬೆಂಗಳೂರಿಗೆ ಕಳಿಸಿದ ತೆಂಗಿನೆಣ್ಣೆ ಡಿಸೆಂಬರಿನಲ್ಲಿ ಬಿಳಿಚಿಕೊಂಡು ಗಟ್ಟಿಯಾದರೆ, "ಅಮ್ಮಾ, ಇದಕ್ಕೆ ಏನೋ ಮೇಣ ಬೆರೆಸಿದ್ದಾರೆ" ಎಂದು ಅಲ್ಲಿಂದ ಫೋನು ಬರುತ್ತದೆ. ಅದೇ ಗಾಣದ, ಅದೇ ದಿನ ಹಿಂಡಿದ ಎಣ್ಣೆ ಮಂಗಳೂರಿನ ಅಡುಗೆಮನೆಯಲ್ಲಿ ಜನವರಿಯಲ್ಲೂ ನೀರಿನ ಹಾಗೆ ಇದ್ದರೆ, "ಶುದ್ಧ ಎಣ್ಣೆ ಚಳಿಗೆ ಗಟ್ಟಿಯಾಗಬೇಕಲ್ಲ, ಇದಕ್ಕೆ ಬೇರೆ ಎಣ್ಣೆ ಸೇರಿಸಿದ್ದಾರೆ" ಎಂದು ಇಲ್ಲಿ ಅನುಮಾನ. ಗಟ್ಟಿಯಾದರೂ ತಪ್ಪು, ಆಗದಿದ್ದರೂ ತಪ್ಪು. ನಡುವೆ ಸಿಕ್ಕಿಬೀಳುವವನು ಗಾಣದವ.

ಎಣ್ಣೆ ಗಟ್ಟಿಯಾಗುವುದು, ಕರಗುವುದು ಎಂಬ ಸಾಮಾನ್ಯ ಸಂಗತಿಯನ್ನು ವಸ್ತುವಿಜ್ಞಾನಿಗಳು ಪ್ರಾವಸ್ಥಾ ಪರಿವರ್ತನೆ ಎನ್ನುತ್ತಾರೆ. ಅದನ್ನು ಅಳೆಯಲು ನೂರು ವರ್ಷಕ್ಕೂ ಹಳೆಯ ಉಪಾಯಗಳಿವೆ, ಅತ್ಯಾಧುನಿಕ ಯಂತ್ರಗಳೂ ಇವೆ. ಎಣ್ಣೆ ಶುದ್ಧವೇ ಎಂದು ತಿಳಿಯಲು ಅದನ್ನು ಇಟ್ಟು ನೋಡುವ ಅಡುಗೆಮನೆಯ ಫ್ರಿಜ್ಜು ಅವುಗಳಲ್ಲಿ ತೀರ ಒರಟಾದದ್ದು. ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಗೊತ್ತಾದರೆ ಈ ಎರಡು ದೂರುಗಳ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ದರ ಏರಿತು, ಅನುಮಾನವೂ ಏರಿತು

2025ರಲ್ಲಿ ತೆಂಗಿನೆಣ್ಣೆಯ ಚಿಲ್ಲರೆ ದರ ಲೀಟರಿಗೆ 400 ರೂಪಾಯಿ ದಾಟಿತು. ಆ ಹಂಗಾಮಿಗೆ ಕೇಂದ್ರ ಸರ್ಕಾರ ಎಣ್ಣೆ ತೆಗೆಯುವ ಕೊಬ್ಬರಿಗೆ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,582 ರೂಪಾಯಿ. ಮಾರುಕಟ್ಟೆ ಅದನ್ನು ಎಲ್ಲೋ ಹಿಂದೆ ಬಿಟ್ಟು ಓಡಿತು. ಅದೇ ವರ್ಷ ಮೇ ಕೊನೆಯಲ್ಲಿ ಕಚ್ಚಾ ಪಾಮ್, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೇಲಿನ ಮೂಲ ಆಮದು ಸುಂಕ ಶೇ. 20ರಿಂದ ಶೇ. 10ಕ್ಕೆ ಇಳಿಯಿತು. ಒಂದು ಎಣ್ಣೆ ದುಬಾರಿಯಾಗುತ್ತಾ ಹೋಯಿತು, ಇನ್ನೊಂದನ್ನು ತರಿಸುವ ಖರ್ಚು ತಗ್ಗಿತು. ಇವೆರಡರ ನಡುವಿನ ಕಂದಕ ಅಗಲವಾದಷ್ಟೂ ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವವನ ಲಾಭ ಹೆಚ್ಚುತ್ತದೆ. ಕಲಬೆರಕೆಯ ಗುಮಾನಿ ಹುಟ್ಟಲು ಇಷ್ಟು ಲೆಕ್ಕ ಸಾಕು.

ಪಕ್ಕದ ಕೇರಳದಲ್ಲಿ ಆಹಾರ ಸುರಕ್ಷತಾ ಇಲಾಖೆ ದಾಳಿ ನಡೆಸಿ ಶಂಕಿತ ತೆಂಗಿನೆಣ್ಣೆಯನ್ನು ವಶಪಡಿಸಿಕೊಂಡ ಸುದ್ದಿ ಬಂದಾಗ ಕಾಸರಗೋಡಿನ ಈಚೆಗೂ ಅದರ ಬಿಸಿ ತಟ್ಟಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ತೆಂಗಿನೆಣ್ಣೆ ತಲೆಗೆ ಹಚ್ಚುವುದಕ್ಕೆ ಮಾತ್ರ ಬಳಸುವ ವಸ್ತುವಲ್ಲ. ಒಗ್ಗರಣೆಗೆ ಅದು ಬೇಕು, ಗಸಿಯ ಮೇಲೆ ಹಸಿಯಾಗಿ ಹನಿಸುವುದಕ್ಕೆ ಅದು ಬೇಕು, ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಜೊತೆ ನಾಲ್ಕು ತೊಟ್ಟು ಅದೇ ಬೇಕು. ಹಾಗಾಗಿ ಭಯ ನೇರವಾಗಿ ಊಟದ ಬಟ್ಟಲಿಗೆ ಬಂತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಪಣಂಬೂರಿನ ಬಂದರಿಗೆ ಬರುವ ಸರಕುಗಳಲ್ಲಿ ಖಾದ್ಯ ಎಣ್ಣೆಯೂ ಒಂದು, ಬೈಕಂಪಾಡಿಯಲ್ಲಿ ಅದನ್ನು ಶುದ್ಧೀಕರಿಸುವ ಘಟಕಗಳೂ ಇವೆ. ಪಾಮ್ ಎಣ್ಣೆ ಮಾರುವುದರಲ್ಲಿ ತಪ್ಪಿಲ್ಲ. ಎರಡು ಖಾದ್ಯ ಎಣ್ಣೆಗಳನ್ನು ಬೆರೆಸಿ ಮಾರುವುದಕ್ಕೂ ಕಾನೂನಿನ ಅನುಮತಿ ಇದೆ: ಪ್ರತಿ ಎಣ್ಣೆಯೂ ಕನಿಷ್ಠ ಶೇ. 20ರಷ್ಟಿರಬೇಕು, ಮಿಶ್ರ ಎಣ್ಣೆ ಎಂದು ಲೇಬಲ್ಲಿನಲ್ಲಿ ಹೇಳಬೇಕು. ತಂಟೆ ಇರುವುದು ಬೆರೆಸಿ, ಬೆರೆಸಿದ್ದನ್ನು ಮುಚ್ಚಿಟ್ಟು, ತೆಂಗಿನೆಣ್ಣೆಯ ದರ ವಸೂಲಿ ಮಾಡಿದಾಗ.

ಫ್ರಿಜ್ಜಿಗೆ ಸರ್ಕಾರಿ ಮುದ್ರೆ

ಫ್ರಿಜ್ ಪರೀಕ್ಷೆಯನ್ನು ವಾಟ್ಸಾಪ್ ವಿಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಮನೆಯಲ್ಲೇ ಕಲಬೆರಕೆ ಪತ್ತೆಹಚ್ಚಲೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹೊರತಂದಿರುವ 'ಡಾರ್ಟ್' ಕೈಪಿಡಿಯಲ್ಲೇ ಅದು ಇದೆ. ಪಾರದರ್ಶಕ ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಇಡಬೇಡಿ. ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಬೇರೆ ಎಣ್ಣೆ ಇದ್ದರೆ ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ ಎಂಬುದು ಅದರ ಸಾರ.

ಇದರ ಪರವಾಗಿ ಇರುವವರ ವಾದ ಸರಳ. ಎಲ್ಲರ ಮನೆಯಲ್ಲೂ ಪ್ರಯೋಗಾಲಯ ಇರುವುದಿಲ್ಲ, ಫ್ರಿಜ್ ಇರುತ್ತದೆ. ನೂರಕ್ಕೆ ನೂರು ಸರಿಯಾಗದಿದ್ದರೂ ಜನರಲ್ಲಿ ಎಚ್ಚರ ಮೂಡಿಸುತ್ತದೆ, ಒರಟು ಕಲಬೆರಕೆಯಾದರೂ ಸಿಕ್ಕಿಬೀಳುತ್ತದೆ. ವಿರೋಧಿಸುವವರ ಮಾತೂ ಅಷ್ಟೇ ನೇರವಾಗಿದೆ: ಗಟ್ಟಿಯಾಗುವ ಗುಣ ತೆಂಗಿನೆಣ್ಣೆಯ ಸ್ವಂತ ಸೊತ್ತಲ್ಲ, ಹಲವು ಅಗ್ಗದ ಕೊಬ್ಬುಗಳಿಗೂ ಅದಿದೆ, ಇನ್ನು ಪ್ರಾಮಾಣಿಕ ಎಣ್ಣೆ ಕೂಡ ಅರ್ಧ ಗಂಟೆಯಲ್ಲಿ ಗಟ್ಟಿಯಾಗದೆ ಹೋಗಬಹುದು. ಹಾಗಾದರೆ ಸಣ್ಣ ಗಾಣದವನ ಹೆಸರು ಹಾಳಾಗುತ್ತದೆ, ಚಾಲಾಕಿ ಕಲಬೆರಕೆದಾರ ಪಾರಾಗುತ್ತಾನೆ.

ಯಾರ ಮಾತು ಸರಿ? ತೀರ್ಪು ಕೊಡುವ ಮೊದಲು ಬಾಟಲಿಯ ಒಳಗೆ ನಡೆಯುವುದನ್ನು ನೋಡಬೇಕು.

ಒಂದು ಹೆಸರು, ಹತ್ತಾರು ಕೊಬ್ಬು

ನೀರು ಒಂದೇ ಬಗೆಯ ಅಣುಗಳಿಂದ ಆದದ್ದು. ಅದಕ್ಕೇ ಮಂಜುಗಡ್ಡೆ ಸೊನ್ನೆ ಡಿಗ್ರಿಗೆ ಕರಗುತ್ತದೆ, ಆಚೆಈಚೆ ಇಲ್ಲ. ತೆಂಗಿನೆಣ್ಣೆ ಹಾಗಲ್ಲ, ಅದು ಹತ್ತಾರು ಬಗೆಯ ಟ್ರೈಗ್ಲಿಸರೈಡುಗಳ, ಅಂದರೆ ಕೊಬ್ಬಿನ ಅಣುಗಳ, ಸಂತೆ. ಅವುಗಳಲ್ಲಿರುವ ಕೊಬ್ಬಿನಾಮ್ಲಗಳ ಪೈಕಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ, ಆರನೇ ಒಂದರಿಂದ ಐದನೇ ಒಂದರಷ್ಟು ಮಿರಿಸ್ಟಿಕ್, ಉಳಿದದ್ದರಲ್ಲಿ ಕ್ಯಾಪ್ರಿಲಿಕ್, ಕ್ಯಾಪ್ರಿಕ್, ಪಾಮಿಟಿಕ್, ಓಲಿಯಿಕ್ ಮುಂತಾದವು. ಒಂದೊಂದು ಅಣುವಿಗೂ ಗಟ್ಟಿಯಾಗುವ ತನ್ನದೇ ಉಷ್ಣತೆ ಇದೆ. ಹೀಗಾಗಿ ತೆಂಗಿನೆಣ್ಣೆಗೆ 'ಕರಗುವ ಬಿಂದು' ಎನ್ನುವುದಕ್ಕಿಂತ 'ಕರಗುವ ಪಟ್ಟಿ' ಎನ್ನುವುದು ಹೆಚ್ಚು ಸರಿ. ಸಾಮಾನ್ಯವಾಗಿ ಹೇಳುವ 24 ಡಿಗ್ರಿ ಸೆಲ್ಸಿಯಸ್ ಆ ಪಟ್ಟಿಯ ಮೇಲಂಚು. 20 ಡಿಗ್ರಿಯಲ್ಲಿ ಎಣ್ಣೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ಹರಳು, ಉಳಿದದ್ದು ಇನ್ನೂ ದ್ರವ. 10 ಡಿಗ್ರಿಗೆ ಇಳಿದರೆ ಮುಕ್ಕಾಲು ಭಾಗದ ಆಸುಪಾಸು ಗಟ್ಟಿ.

ಅಂದರೆ ಫ್ರಿಜ್ಜಿನಿಂದ ತೆಗೆದ ಬಿಳಿ ಗಟ್ಟಿ ಎಣ್ಣೆಯ ಒಳಗೂ ದ್ರವ ಅಡಗಿದೆ. ಹರಳುಗಳು ಹೆಣೆದುಕೊಂಡ ಜಾಲದಲ್ಲಿ ಅದು ಸ್ಪಂಜಿನೊಳಗಿನ ನೀರಿನ ಹಾಗೆ ಸಿಕ್ಕಿಕೊಂಡಿರುತ್ತದೆ. ಬೇರೆ ಎಣ್ಣೆ ಸ್ವಲ್ಪ ಬೆರೆತಿದ್ದರೂ ಅದೇ ಗತಿ. ಎಣ್ಣೆಯಲ್ಲಿ ಎಣ್ಣೆ ಕರಗಿ ಒಂದಾಗಿಬಿಡುತ್ತದೆ, ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ ಮೇಲೆ ಬಂದು 'ನಾನಿಲ್ಲಿದ್ದೇನೆ' ಎನ್ನುವುದಿಲ್ಲ. ಪದರ ಕಾಣಬೇಕಿದ್ದರೆ ಬೆರಕೆಯ ಪ್ರಮಾಣ ದೊಡ್ಡದಿರಬೇಕು. ಕೈಪಿಡಿಯ 'ಪ್ರತ್ಯೇಕ ಪದರ' ಎಂಬ ಮಾತಿನ ಮಿತಿ ಇದೇ.

ಗಟ್ಟಿಯಾದ ಬಾಟಲಿಯ ನಡುವೆ ಗುಳಿ ಬೀಳುವುದನ್ನು ಅನೇಕರು ಗಮನಿಸಿರಬಹುದು. ಅದೂ ಅನುಮಾನಕ್ಕೆ ಕಾರಣವಲ್ಲ. ನೀರು ಗಡ್ಡೆಕಟ್ಟಿದಾಗ ಹಿಗ್ಗುತ್ತದೆ, ಕೊಬ್ಬು ಕುಗ್ಗುತ್ತದೆ. ಗೋಡೆಯ ಕಡೆ ಮೊದಲು ತಣ್ಣಗಾಗಿ ಗಟ್ಟಿಯಾಗುವುದರಿಂದ ಕುಗ್ಗುವಿಕೆಯ ಲೆಕ್ಕವೆಲ್ಲ ಕೊನೆಗೆ ನಡುವಿನ ಗುಳಿಯಲ್ಲಿ ಕಾಣುತ್ತದೆ. ಈ ಕುಗ್ಗುವಿಕೆಯನ್ನೇ ಕರಾರುವಾಕ್ಕಾಗಿ ಅಳೆದು ಎಷ್ಟು ಭಾಗ ಗಟ್ಟಿಯಾಗಿದೆ ಎಂದು ಹೇಳುವ ವಿಧಾನಕ್ಕೆ ಡೈಲಟೊಮೆಟ್ರಿ ಎಂದು ಹೆಸರು. ಕೊಬ್ಬಿನ ಉದ್ಯಮದಲ್ಲಿ ದಶಕಗಳ ಕಾಲ ಅದೇ ಆಧಾರವಾಗಿತ್ತು.

ಇಳಿಯುವ ದಾರಿ ಬೇರೆ, ಏರುವ ದಾರಿ ಬೇರೆ

ಗೊಂದಲದ ಬೇರು ಇಲ್ಲಿದೆ, ಸ್ವಲ್ಪ ತಾಳ್ಮೆ ಬೇಕು.

ಮಂಗಳೂರಿನಲ್ಲಿ ಜನವರಿಯ ನಸುಕಿನಲ್ಲೂ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಆದರೂ 21-22 ಡಿಗ್ರಿ ಎಂದರೆ 24ಕ್ಕಿಂತ ಕಡಿಮೆ ತಾನೆ? ಎಣ್ಣೆ ಸ್ವಲ್ಪವಾದರೂ ಗಟ್ಟಿಯಾಗಬೇಕಿತ್ತಲ್ಲ? ಆಗುವುದಿಲ್ಲ, ಏಕೆಂದರೆ ಕರಗುವ ಉಷ್ಣತೆಗೆ ಇಳಿದ ಕೂಡಲೇ ಹರಳು ಹುಟ್ಟಬೇಕೆಂಬ ನಿಯಮವಿಲ್ಲ. ಹರಳು ಬೆಳೆಯಬೇಕಾದರೆ ಮೊದಲು ಒಂದು ಬೀಜ ಬೇಕು, ಹಾಲು ಮೊಸರಾಗಲು ಹೆಪ್ಪು ಬೇಕಾದ ಹಾಗೆ. ಕೆಲವು ಅಣುಗಳು ಅಕಸ್ಮಾತ್ತಾಗಿ ಸಾಲಾಗಿ ನಿಂತು ಒಂದು ಪುಟ್ಟ ಗುಂಪಾಗಬೇಕು. ಆ ಗುಂಪು ತೀರ ಚಿಕ್ಕದಾದರೆ ಮತ್ತೆ ಚದುರಿಹೋಗುತ್ತದೆ. ಗಡಿಯ ಸಮೀಪದ ಉಷ್ಣತೆಯಲ್ಲಿ ಚದುರುವ ಸಂಭವವೇ ಹೆಚ್ಚು. ಹಾಗಾಗಿ ದ್ರವ ತನ್ನ ಗಡಿಯನ್ನು ದಾಟಿ ಹಲವು ಡಿಗ್ರಿ ಕೆಳಗೆ ಹೋದರೂ ದ್ರವವಾಗಿಯೇ ಉಳಿಯುತ್ತದೆ. ಇದಕ್ಕೆ ಸೂಪರ್‌ಕೂಲಿಂಗ್ ಎನ್ನುತ್ತಾರೆ.

ಈಗ ಎರಡು ಬಾಟಲಿಗಳ ಕಥೆ ತಿಳಿಯಾಗುತ್ತದೆ. ಮಂಗಳೂರಿನ ಎಣ್ಣೆ ನಸುಕಿನಲ್ಲಿ ಎರಡು ಮೂರು ಗಂಟೆ ಮಾತ್ರ ಗಡಿಯ ಕೆಳಗಿದ್ದು, ಬೀಜ ಹುಟ್ಟುವ ಮೊದಲೇ ಬಿಸಿಲೇರಿ ಮತ್ತೆ ಮೇಲೆ ಬರುತ್ತದೆ. ಘಟ್ಟ ಹತ್ತಿ ಹೋದ ಬಾಟಲಿ 15-16 ಡಿಗ್ರಿಯ ರಾತ್ರಿಗಳನ್ನು ಕಾಣುತ್ತದೆ; ಬೀಜ ಹುಟ್ಟುತ್ತದೆ, ಬೆಳೆಯುತ್ತದೆ. ಒಮ್ಮೆ ಗಟ್ಟಿಯಾದದ್ದು ಹಗಲು ಕೋಣೆ 22 ಡಿಗ್ರಿಗೆ ಬಂದರೂ ಪೂರ್ತಿ ಕರಗುವುದಿಲ್ಲ, ಕರಗಲು 24ರ ಆಚೆ ಹೋಗಬೇಕು. ಅಂದರೆ ಒಂದೇ 22 ಡಿಗ್ರಿಯಲ್ಲಿ ಒಂದೇ ಎಣ್ಣೆ ಒಂದು ಊರಲ್ಲಿ ನೀರು, ಇನ್ನೊಂದು ಊರಲ್ಲಿ ಗಟ್ಟಿ. ಈಗಿನ ಉಷ್ಣತೆಯನ್ನು ನೋಡಿದರೆ ಉತ್ತರ ಸಿಗದು; ಎಣ್ಣೆ ಯಾವ ದಾರಿಯಲ್ಲಿ ಅಲ್ಲಿಗೆ ಬಂತು ಎಂದು ಕೇಳಬೇಕು.

ಇದು ಕೊಬ್ಬಿಗೆ ಸೀಮಿತವಾದ ವಿಚಿತ್ರವೂ ಅಲ್ಲ. ಶೇ. 0.8ರಷ್ಟು ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿದರೆ 727 ಡಿಗ್ರಿಯ ಹತ್ತಿರ ಅದರ ಒಳರಚನೆ ಬದಲಾಗಿ ಪರ್ಲೈಟ್ ಆಗುತ್ತದೆ. ಅದನ್ನೇ ನೀರಿಗೆ ಅದ್ದಿದರೆ ಆ ಬದಲಾವಣೆಗೆ ಪುರುಸೊತ್ತೇ ಸಿಗದೆ, ಬಹಳ ಕೆಳಗಿನ ಉಷ್ಣತೆಯಲ್ಲಿ ಮಾರ್ಟೆನ್ಸೈಟ್ ಎಂಬ ಗಡುಸಾದ ಬೇರೆಯೇ ರಚನೆ ಹುಟ್ಟುತ್ತದೆ. ಮನೆ ಕಟ್ಟುವಾಗ ಬಳಸುವ ಟಿಎಂಟಿ ಸರಳಿನ ಹೊರಗಿನ ಗಟ್ಟಿ ಉಂಗುರ, ಒಳಗಿನ ಮೆದು ತಿರುಳು ಎರಡೂ ಈ ವೇಗದ ವ್ಯತ್ಯಾಸದ ಫಲ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತುವಿಜ್ಞಾನ ಓದುವ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲೇ ಕಲಿಯುವ ಪಾಠವಿದು. ಫ್ರಿಜ್ ಪರೀಕ್ಷೆ ಮಾಡುವವರು ಮರೆಯುವ ಪಾಠವೂ ಇದೇ: ಎಷ್ಟು ತಣ್ಣಗೆ ಎಂಬುದರ ಜೊತೆಗೆ ಎಷ್ಟು ಬೇಗ ತಣ್ಣಗೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಲೋಟದಲ್ಲಿ ಒಂದು ಚಮಚ ಎಣ್ಣೆ ಇಟ್ಟವರಿಗೂ ಒಂದು ಲೀಟರಿನ ಬಾಟಲಿಯನ್ನೇ ಇಟ್ಟವರಿಗೂ ಅರ್ಧ ಗಂಟೆಯ ನಂತರ ಸಿಗುವ ಉತ್ತರ ಒಂದೇ ಆಗಿರಲು ಸಾಧ್ಯವಿಲ್ಲ. ಗಟ್ಟಿಯಾಗುವಾಗ ಎಣ್ಣೆ ಗ್ರಾಮಿಗೆ 100 ಜೂಲಿನ ಆಸುಪಾಸು ಗುಪ್ತೋಷ್ಣವನ್ನು ಹೊರಬಿಡುತ್ತದೆ. ಆ ಶಾಖವನ್ನೆಲ್ಲ ಫ್ರಿಜ್ಜು ಹೊರಗೆಳೆಯಬೇಕು. ದೊಡ್ಡ ಬಾಟಲಿಗೆ ಅರ್ಧ ಗಂಟೆ ಏನೇನೂ ಸಾಲದು.

ಪ್ರಯೋಗಾಲಯದವರು ನೋಡುವುದು ಏನನ್ನು?

ಇದೇ ಕೆಲಸವನ್ನು ಪ್ರಯೋಗಾಲಯ ಶಿಸ್ತಿನಿಂದ ಮಾಡುತ್ತದೆ. ಅದರ ಮುಖ್ಯ ಯಂತ್ರ ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕೆಲೊರಿಮೀಟರ್, ಚಿಕ್ಕದಾಗಿ ಡಿಎಸ್‌ಸಿ. 1962ರಲ್ಲಿ ವಾಟ್ಸನ್ ಮತ್ತು ಓನೀಲ್ ಎಂಬಿಬ್ಬರು ರೂಪಿಸಿದ ಈ ಉಪಕರಣದ ತತ್ವ ಸುಲಭ. ಸಾಸಿವೆ ಡಬ್ಬಿಯ ಮುಚ್ಚಳಕ್ಕಿಂತಲೂ ಚಿಕ್ಕದಾದ ಎರಡು ಅಲ್ಯುಮಿನಿಯಂ ತಟ್ಟೆಗಳು. ಒಂದರಲ್ಲಿ ಕೆಲವೇ ಮಿಲಿಗ್ರಾಂ ಎಣ್ಣೆ, ಇನ್ನೊಂದು ಖಾಲಿ. ಎರಡನ್ನೂ ಒಂದೇ ವೇಗದಲ್ಲಿ ತಣಿಸುತ್ತಾರೆ ಇಲ್ಲವೇ ಕಾಯಿಸುತ್ತಾರೆ. ಎಣ್ಣೆ ಗಟ್ಟಿಯಾಗುವ ಕ್ಷಣದಲ್ಲಿ ಅದು ಶಾಖ ಬಿಡುತ್ತದೆ, ಖಾಲಿ ತಟ್ಟೆ ಬಿಡುವುದಿಲ್ಲ. ಎರಡರ ನಡುವಿನ ಆ ವ್ಯತ್ಯಾಸವನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ. ಎಲ್ಲಿ ಗುಡ್ಡ ಎದ್ದಿತೋ ಅಲ್ಲಿ ಪರಿವರ್ತನೆ. ಗುಡ್ಡ ಎಷ್ಟು ದೊಡ್ಡದೋ ಅಷ್ಟು ಶಾಖ.

ಆದರೆ ಯಂತ್ರಕ್ಕಿಂತ ಹೆಚ್ಚು ಕಲಿಸುವುದು ಅದನ್ನು ಬಳಸುವ ಕ್ರಮ. ಕೊಬ್ಬಿನ ಪರೀಕ್ಷೆಗೆ ಅಮೆರಿಕದ ತೈಲ ರಸಾಯನಜ್ಞರ ಸಂಘ ಗೊತ್ತುಮಾಡಿದ ವಿಧಾನದಲ್ಲಿ ಎಣ್ಣೆಯನ್ನು ಮೊದಲು 80 ಡಿಗ್ರಿಗೆ ಕಾಯಿಸಿ ಹತ್ತು ನಿಮಿಷ ಹಾಗೇ ಇಡುತ್ತಾರೆ. ಹಿಂದಿನ ಹರಳುಗಳ ಬೀಜ ಒಂದೂ ಉಳಿಯಬಾರದು, ಎಣ್ಣೆಗೆ ತನ್ನ ಹಳೆಯ ನೆನಪು ಅಳಿಯಬೇಕು ಎಂಬುದು ಉದ್ದೇಶ. ಆಮೇಲೆ ನಿಮಿಷಕ್ಕೆ 10 ಡಿಗ್ರಿಯಂತೆ ಸೊನ್ನೆಗಿಂತ 60 ಡಿಗ್ರಿ ಕೆಳಗಿನವರೆಗೆ ತಣಿಸಿ, ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ನಿಮಿಷಕ್ಕೆ 5 ಡಿಗ್ರಿಯಂತೆ ಮತ್ತೆ ಏರಿಸುತ್ತಾರೆ. ಮಂಗಳೂರಿನ ಲ್ಯಾಬು, ಮಲೇಷ್ಯಾದ ಲ್ಯಾಬು ಒಂದೇ ದಾರಿಯಲ್ಲಿ ನಡೆದರೆ ಮಾತ್ರ ಎರಡರ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಬೆರಕೆ ಇದ್ದರೆ ಈ ಗೆರೆಯ ಆಕಾರ ಕೆಡುತ್ತದೆ. ಸೂರ್ಯಕಾಂತಿ ಎಣ್ಣೆ ಸೇರಿದ್ದರೆ ಸೊನ್ನೆಗಿಂತ ಬಹಳ ಕೆಳಗೆ, ತೆಂಗಿನೆಣ್ಣೆಯಲ್ಲಿ ಸಮತಟ್ಟಾಗಿರಬೇಕಾದ ಜಾಗದಲ್ಲಿ, ಸಣ್ಣ ಉಬ್ಬು ಕಾಣುತ್ತದೆ. ಪಾಮ್ ಎಣ್ಣೆಯ ಗಟ್ಟಿ ಅಂಶ ಸೇರಿದ್ದರೆ 30 ಡಿಗ್ರಿಯ ಆಚೆಗೂ ಬಾಲ ಚಾಚಿಕೊಳ್ಳುತ್ತದೆ. ಫ್ರಿಜ್ಜು 'ಗಟ್ಟಿ' ಅಥವಾ 'ಗಟ್ಟಿ ಅಲ್ಲ' ಎಂಬ ಒಂದೇ ಪದ ಹೇಳುವಲ್ಲಿ ಡಿಎಸ್‌ಸಿ ಇಡೀ ವಾಕ್ಯ ಹೇಳುತ್ತದೆ.

ಅದಕ್ಕೂ ಮಿತಿ ಇದೆ. ಶಾಖ ಬಂತು ಎಂದು ಡಿಎಸ್‌ಸಿ ಹೇಳುತ್ತದೆಯೇ ಹೊರತು ಏನು ಹುಟ್ಟಿತು ಎಂದು ಹೇಳುವುದಿಲ್ಲ. ಒಂದೇ ಕೊಬ್ಬಿನ ಅಣುಗಳು ಮೂರು ಬಗೆಯಲ್ಲಿ ಜೋಡಿಸಿಕೊಳ್ಳಬಲ್ಲವು: ಆಲ್ಫಾ, ಬೀಟಾ ಪ್ರೈಮ್, ಬೀಟಾ. ಗಡಿಬಿಡಿಯಲ್ಲಿ ತಣಿಸಿದರೆ ಸಡಿಲವಾದ ಆಲ್ಫಾ ಮೊದಲು ಬರುತ್ತದೆ, ಬೇಗ ಕರಗುವುದೂ ಅದೇ. ಪುರುಸೊತ್ತು ಕೊಟ್ಟರೆ ಒತ್ತೊತ್ತಾದ ರೂಪಕ್ಕೆ ಹೊರಳುತ್ತದೆ. ತೆಂಗಿನೆಣ್ಣೆ ಸಾಮಾನ್ಯವಾಗಿ ಬೀಟಾ ಪ್ರೈಮ್‌ನಲ್ಲಿ ನೆಲೆ ನಿಲ್ಲುತ್ತದೆ. ಇದನ್ನು ಬೇರ್ಪಡಿಸಿ ನೋಡಲು ಕ್ಷ-ಕಿರಣ ಬೇಕು. ಸಾಲುಸಾಲಾಗಿ ನಿಂತ ಅಣುಗಳ ನಡುವಿನ ಅಂತರಕ್ಕೆ ತಕ್ಕ ಕೋನದಲ್ಲಿ ಕಿರಣ ಚದುರುತ್ತದೆ ಎಂಬ 1910ರ ದಶಕದ ಲಾವೆ, ಬ್ರ್ಯಾಗ್ ಶೋಧನೆಯೇ ಇಲ್ಲಿಯ ಅಡಿಪಾಯ. ಅಂತರ 4.15 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಬಂದರೆ ಆಲ್ಫಾ, 3.8 ಮತ್ತು 4.2 ಬಂದರೆ ಬೀಟಾ ಪ್ರೈಮ್, 4.6 ಬಂದರೆ ಬೀಟಾ. ಚಾಕೊಲೇಟು ಹಳತಾದಾಗ ಮೇಲೆ ಕಾಣುವ ಬಿಳಿ ಮಬ್ಬು ಬೂಸ್ಟು ಎಂದು ಎಸೆಯುವವರಿದ್ದಾರೆ. ಹೆಚ್ಚಿನ ಸಲ ಅದು ಕೋಕೋ ಬೆಣ್ಣೆ ಒಂದು ರೂಪದಿಂದ ಇನ್ನೊಂದಕ್ಕೆ ಹೊರಳಿದ ಗುರುತು ಅಷ್ಟೇ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ದ್ರವ ಕಪ್ಪಾಗಿ, ಹರಳು ಬೆಳಗುವ ನಕ್ಷತ್ರದಂತೆ ಕಾಣುತ್ತದೆ. ಎನ್‌ಎಂಆರ್ ಯಂತ್ರ ಕಾಂತಕ್ಷೇತ್ರದಲ್ಲಿಟ್ಟ ಎಣ್ಣೆಯ ಜಲಜನಕದಿಂದ ರೇಡಿಯೊ ಸಂಕೇತ ಹಿಡಿಯುತ್ತದೆ. ಗಟ್ಟಿ ಭಾಗದ ಸಂಕೇತ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಸತ್ತುಹೋಗುತ್ತದೆ, ದ್ರವದ್ದು ಉಳಿಯುತ್ತದೆ. ಆ ವ್ಯತ್ಯಾಸದಿಂದ ಗಟ್ಟಿ ಭಾಗ ಶೇಕಡಾ ಎಷ್ಟೆಂದು ಸಿಗುತ್ತದೆ. ಡೈಲಟೊಮೆಟ್ರಿಯ ಜಾಗವನ್ನು ಈಗ ಬಹುಮಟ್ಟಿಗೆ ಇದೇ ಹಿಡಿದಿದೆ.

ಒಂದೇ ಕುರುಹು, ಎರಡು ಕಾರಣ

ಇಷ್ಟೊಂದು ಯಂತ್ರ ಯಾಕೆ, ಒಂದು ಸಾಲದೇ ಎಂಬ ಪ್ರಶ್ನೆಗೆ 2023ರ ಒಂದು ಪ್ರಕರಣ ಉತ್ತರವಾಗಬಹುದು. ಆ ವರ್ಷ ಜುಲೈಯಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತು ಸಾಮಾನ್ಯ ಉಷ್ಣತೆಯಲ್ಲೇ ಅತಿವಾಹಕ, ಅಂದರೆ ಒಂದಿಷ್ಟೂ ನಿರೋಧವಿಲ್ಲದೆ ವಿದ್ಯುತ್ ಹರಿಸುವ ವಸ್ತು, ಎಂದು ಘೋಷಿಸಿ ಜಗತ್ತೆಲ್ಲ ಸುದ್ದಿಯಾಯಿತು. ಸುಮಾರು 104 ಡಿಗ್ರಿಯ ಬಳಿ ವಿದ್ಯುತ್ ನಿರೋಧ ದಿಢೀರನೆ ಕುಸಿದದ್ದು ಅವರು ತೋರಿಸಿದ ಸಾಕ್ಷ್ಯಗಳಲ್ಲೊಂದು. ಆ ಮಾದರಿಯಲ್ಲಿ ಕಲ್ಮಶವಾಗಿ ತಾಮ್ರದ ಸಲ್ಫೈಡ್ ಉಳಿದುಕೊಂಡಿತ್ತು. ಸರಿಯಾಗಿ ಅದೇ ಉಷ್ಣತೆಯಲ್ಲಿ ಅದು ತನ್ನ ಹರಳಿನ ರಚನೆ ಬದಲಿಸುತ್ತದೆ, ಜೊತೆಗೆ ನಿರೋಧವೂ ಬದಲಾಗುತ್ತದೆ. ಕೆಲವೇ ವಾರಗಳಲ್ಲಿ ಬೇರೆ ಪ್ರಯೋಗಾಲಯಗಳು ಅದನ್ನು ತೋರಿಸಿಕೊಟ್ಟವು. ಕುಸಿತ ನಿಜ, ಕಾರಣ ಬೇರೆ. ಅಳತೆ ತಪ್ಪಿರಲಿಲ್ಲ, ಒಂದು ಅಳತೆಯಿಂದ ಒಂದೇ ಅರ್ಥ ಹೊರಡುತ್ತದೆ ಎಂಬ ಭರವಸೆ ತಪ್ಪಿತ್ತು. ಫ್ರಿಜ್ಜಿನಲ್ಲಿ ಗಟ್ಟಿಯಾದ ಎಣ್ಣೆಯ ಬಗ್ಗೆಯೂ ಹೇಳಬೇಕಾದದ್ದು ಇಷ್ಟೇ.

ನಿಜವಾದ ಕಗ್ಗಂಟು: ಪಾಮ್ ಕರ್ನೆಲ್

ಪಾಮ್ ಹಣ್ಣಿನಿಂದ ಎರಡು ಎಣ್ಣೆ ಬರುತ್ತವೆ. ಹೊರಗಿನ ತಿರುಳಿನದ್ದು ಪಾಮ್ ಎಣ್ಣೆ. ಅದರ ದ್ರವ ಭಾಗವೇ ಅಂಗಡಿಯ ಪಾಮೋಲಿನ್. ಒಳಗಿನ ಬೀಜದ್ದು ಪಾಮ್ ಕರ್ನೆಲ್ ಎಣ್ಣೆ. ಈ ಎರಡನೆಯದು ತೆಂಗಿನೆಣ್ಣೆಯ ಅವಳಿ ಎನ್ನಬಹುದು. ಅದರಲ್ಲೂ ಅರ್ಧದಷ್ಟು ಲಾರಿಕ್ ಆಮ್ಲ, ಕರಗುವುದೂ 25-28 ಡಿಗ್ರಿಯ ನಡುವೆ. ಫ್ರಿಜ್ಜಿನಲ್ಲಿ ಇಟ್ಟರೆ ತೆಂಗಿನೆಣ್ಣೆಗಿಂತ ಚೆನ್ನಾಗಿಯೇ ಗಟ್ಟಿಯಾಗುತ್ತದೆ! ಅಷ್ಟೇಕೆ, ಸಾಧಾರಣ ಪಾಮೋಲಿನ್ ಕೂಡ 10 ಡಿಗ್ರಿಯ ಕೆಳಗೆ ಮಬ್ಬಾಗಿ ಗಟ್ಟಿಯಾಗತೊಡಗುತ್ತದೆ, ಫ್ರಿಜ್ಜಿನೊಳಗೆ ಇರುವುದು ಸುಮಾರು 4 ಡಿಗ್ರಿ. ಅಂದಮೇಲೆ ಫ್ರಿಜ್ ಪರೀಕ್ಷೆಗೆ ಸಿಕ್ಕಿಬೀಳುವವರು ಯಾರು? ಸೂರ್ಯಕಾಂತಿ ಎಣ್ಣೆಯನ್ನೋ ಪೆಟ್ರೋಲಿಯಂನಿಂದ ಬರುವ ಲಿಕ್ವಿಡ್ ಪ್ಯಾರಾಫಿನ್ನನ್ನೋ ಧಾರಾಳವಾಗಿ ಸುರಿದ ದಡ್ಡರು.

ರಾಸಾಯನಿಕ ಪರೀಕ್ಷೆಗಳಿಗೂ ಇಲ್ಲಿ ಕಷ್ಟವಿದೆ. ಸ್ವಲ್ಪ ಲೆಕ್ಕ ಮಾಡೋಣ. ನೂರು ಗ್ರಾಂ ಕೊಬ್ಬು ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದು ಅಯೋಡಿನ್ ಮೌಲ್ಯ. ತೆಂಗಿನೆಣ್ಣೆಗೆ ಅದು 7.5ರಿಂದ 10ರ ಒಳಗಿರಬೇಕೆಂದು ನಮ್ಮ ಮಾನದಂಡ ಹೇಳುತ್ತದೆ. 8 ಇರುವ ಅಸಲಿ ಎಣ್ಣೆಗೆ 58 ಇರುವ ಪಾಮೋಲಿನ್ ಬೆರೆಸಿದರೆ ಶೇ. 4 ಸೇರಿಸುವಷ್ಟರಲ್ಲೇ ಮೌಲ್ಯ 10 ಮುಟ್ಟುತ್ತದೆ. ಕಳ್ಳ ಬೇಗ ಸಿಕ್ಕಿಬೀಳುತ್ತಾನೆ. ಆದರೆ ಪಾಮ್ ಕರ್ನೆಲ್ಲಿನ ಮೌಲ್ಯ 18ರಷ್ಟು ಎಂದಿಟ್ಟುಕೊಂಡರೆ ಶೇ. 20ರಷ್ಟು ಸೇರಿಸಿದ ಮೇಲೂ ಮಿಶ್ರಣ 10ರ ಗೆರೆ ದಾಟುವುದಿಲ್ಲ. ಆವಿಯೊಡನೆ ಹೊರಬರುವ, ನೀರಿನಲ್ಲಿ ಕರಗದ ಕೊಬ್ಬಿನಾಮ್ಲಗಳನ್ನು ಅಳೆಯುವ ಪೊಲೆನ್ಸ್ಕಿ ಮೌಲ್ಯ ಎಂಬ ಇನ್ನೊಂದು ಪರೀಕ್ಷೆಯ ಗತಿಯೂ ಇದೇ: ಕನಿಷ್ಠ 13 ಇರಬೇಕು, ಅಸಲಿಯದ್ದು 15, ಕರ್ನೆಲ್ಲಿನದ್ದು 10 ಆದರೆ ಐದನೇ ಒಂದು ಭಾಗ ಬೆರೆಸಿದ ಎಣ್ಣೆಗೆ 14 ಬರುತ್ತದೆ, ಪಾಸು. ತೆಂಗು ಬೆಳೆದ ಮಣ್ಣು, ತಳಿ, ಕೊಬ್ಬರಿ ಒಣಗಿಸಿದ ರೀತಿಗಳಿಂದ ಪ್ರಾಮಾಣಿಕ ಎಣ್ಣೆಯಲ್ಲೂ ಏರಿಳಿತ ಇರುವುದರಿಂದ ಮಾನದಂಡಕ್ಕೆ ಅಗಲ ಬಿಡಲೇಬೇಕು. ಆ ಅಗಲದಲ್ಲೇ ವಂಚಕ ನುಸುಳುತ್ತಾನೆ.

ಆದ್ದರಿಂದ ಅನುಮಾನ ಗಟ್ಟಿಯಾದಾಗ ಗ್ಯಾಸ್ ಕ್ರೊಮಟೊಗ್ರಫಿಯಲ್ಲಿ ಒಂದೊಂದು ಕೊಬ್ಬಿನಾಮ್ಲವನ್ನೂ ಬೇರ್ಪಡಿಸಿ ಎಣಿಸುತ್ತಾರೆ. ಕರ್ನೆಲ್ಲಿನಲ್ಲಿ ಓಲಿಯಿಕ್ ಹೆಚ್ಚು (ಶೇ. 12ರಿಂದ 19, ತೆಂಗಿನಲ್ಲಿ 5ರಿಂದ 10), ಕ್ಯಾಪ್ರಿಲಿಕ್ ಕಡಿಮೆ. ಈ ಅನುಪಾತ ಮತ್ತು ಡಿಎಸ್‌ಸಿಯ ಗೆರೆ ಒಂದೇ ಕಡೆ ಬೆರಳು ಮಾಡಿದರೆ ಮಾತಿಗೆ ತೂಕ ಬರುತ್ತದೆ.

ಕಾನೂನಿನ ಕಣ್ಣಲ್ಲಿ

ಜನರ ಮಾತಿನಲ್ಲಿ ಕಲಬೆರಕೆ ಎಂದರೆ ವಿಷ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಹಾಗೆ ನೋಡುವುದಿಲ್ಲ. ಮಾನದಂಡಕ್ಕೆ ಹೊಂದದ, ಆದರೆ ಅಪಾಯಕಾರಿ ಅಲ್ಲದ ಆಹಾರ 'ಕಳಪೆ ಗುಣಮಟ್ಟ'ದ್ದು. ದಂಡ 5 ಲಕ್ಷ ರೂಪಾಯಿಯವರೆಗೆ. ಲೇಬಲ್ ಸುಳ್ಳಾಗಿದ್ದರೆ 3 ಲಕ್ಷದವರೆಗೆ. ಆರೋಗ್ಯಕ್ಕೆ ಹಾನಿಯಾಗುವ 'ಅಸುರಕ್ಷಿತ' ಆಹಾರಕ್ಕೆ ಮಾತ್ರ ಜೈಲಿನ ಶಿಕ್ಷೆಯ ಬಾಗಿಲು ತೆರೆಯುತ್ತದೆ. ತೆಂಗಿನೆಣ್ಣೆಗೆ ಪಾಮ್ ಕರ್ನೆಲ್ ಸೇರಿಸಿದ್ದು ಸಾಮಾನ್ಯವಾಗಿ ಜೇಬಿಗೆ ಬಿದ್ದ ಕತ್ತರಿ. ಪ್ಯಾರಾಫಿನ್ ಸೇರಿಸಿದರೆ ಮಾತು ಬೇರೆ. ಅದು ತಿನ್ನುವ ವಸ್ತುವೇ ಅಲ್ಲ.

ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮುದ್ರೆ ಹಾಕಬೇಕು, ಆಹಾರ ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು, ವರದಿಯನ್ನು ಪ್ರಶ್ನಿಸಿದರೆ ಮಾದರಿ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು. ಇದರಲ್ಲಿ ಫ್ರಿಜ್ಜಿಗೆ ಜಾಗವಿಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸಿದ ಫ್ರಿಜ್ ಪರೀಕ್ಷೆಯಿಂದ ಒಬ್ಬ ಗಾಣದವನ ವ್ಯಾಪಾರ ಒಂದೇ ದಿನದಲ್ಲಿ ಕುಸಿಯಬಹುದು, ಆದರೆ ಅದೇ ವಿಡಿಯೊದಿಂದ ಒಬ್ಬ ಕಲಬೆರಕೆದಾರನಿಗೂ ಶಿಕ್ಷೆಯಾಗದು. ಬೆರಕೆ ಮಾಡುವ ದೊಡ್ಡ ಕೈಗಳಿಗೆ ಇದು ಅನುಕೂಲವೇ: ಗಟ್ಟಿಯಾಗುವುದೇ ಶುದ್ಧತೆ ಎಂದು ಜನ ನಂಬಿದಷ್ಟೂ ಗಟ್ಟಿಯಾಗುವ ಅಗ್ಗದ ಕೊಬ್ಬಿಗೆ ಬೇಡಿಕೆ ಹೆಚ್ಚುತ್ತದೆ.

ಹೆಚ್ಚಿನವರಿಗೆ ತಿಳಿಯದ ಒಂದು ದಾರಿ ಕಾಯ್ದೆಯ 40ನೇ ಕಲಮಿನಲ್ಲಿದೆ. ಶುಲ್ಕ ಕಟ್ಟಿ ಗ್ರಾಹಕನೇ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ಒಂದು ಷರತ್ತು: ಹೀಗೆ ಪರೀಕ್ಷೆಗೆ ಕೊಡುವ ಉದ್ದೇಶವಿದೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ನಮ್ಮ ಪರಿಚಯದ ಅಂಗಡಿಯಲ್ಲಿ ಅಷ್ಟು ಹೇಳುವ ದಾಕ್ಷಿಣ್ಯಗೇಡಿತನ ಎಷ್ಟು ಜನಕ್ಕಿದೆಯೋ, ಅದು ಬೇರೆ ಪ್ರಶ್ನೆ.

ಫ್ರಿಜ್ಜಿನಲ್ಲಿ ಇನ್ನೊಂದು ಲೋಟ

ಹಾಗಾದರೆ ಮನೆಯ ಪರೀಕ್ಷೆಯನ್ನು ಬಿಟ್ಟೇಬಿಡಬೇಕೆ? ಬೇಕಿಲ್ಲ. ಅದರ ಒಂದೇ ಉತ್ತರವನ್ನು ಗಂಭೀರವಾಗಿ ತೆಗೆದುಕೊಂಡು ಇನ್ನೊಂದನ್ನು ಕೈಬಿಟ್ಟರಾಯಿತು. ಎಷ್ಟೇ ಹೊತ್ತು ಇಟ್ಟರೂ ಎಣ್ಣೆ ತೆಳ್ಳಗೇ ಉಳಿದರೆ ಅನುಮಾನಕ್ಕೆ ಕಾರಣವಿದೆ. ಗಟ್ಟಿಯಾದರೆ ಅದರಿಂದ ಏನೂ ಸಾಬೀತಾಗಲಿಲ್ಲ.

ಡಿಎಸ್‌ಸಿಯ ಆ ಖಾಲಿ ತಟ್ಟೆಯನ್ನು ಅಡುಗೆಮನೆಗೂ ತರಬಹುದು. ಮನೆಯದೇ ತೆಂಗಿನಕಾಯಿ ಒಣಗಿಸಿ ಕಣ್ಣೆದುರೇ ಹಿಂಡಿಸಿಕೊಂಡು ಬರುವ ರೂಢಿ ಉಡುಪಿ, ಕಾರ್ಕಳ, ಪುತ್ತೂರುಗಳ ಕಡೆ ಇನ್ನೂ ಅಳಿದಿಲ್ಲ. ಆ ಎಣ್ಣೆಯನ್ನು ಒಂದು ಚಿಕ್ಕ ಸೀಸೆಯಲ್ಲಿ ತೆಗೆದಿಡಬೇಕು. ಅಂಗಡಿಯ ಎಣ್ಣೆಯನ್ನು ಪರೀಕ್ಷಿಸುವಾಗ ಒಂದೇ ಅಳತೆಯ ಎರಡು ಲೋಟಗಳಲ್ಲಿ ಎರಡನ್ನೂ ಎರಡೆರಡು ಚಮಚ ಹಾಕಿ, ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಪಕ್ಕಪಕ್ಕದಲ್ಲೇ ಫ್ರಿಜ್ಜಿಗೆ ಇಡಬೇಕು. ಯಾವುದು ಮೊದಲು ಮಬ್ಬಾಯಿತು, ಯಾವುದು ಮೆದುವಾಗಿ ಉಳಿಯಿತು, ಹೊರಗೆ ತೆಗೆದ ಮೇಲೆ ಯಾವುದು ಮೊದಲು ಕರಗಿತು ಎಂದು ಗಡಿಯಾರ ನೋಡಿ ಬರೆದಿಡಬೇಕು. ಎರಡೂ ಒಂದೇ ದಾರಿಯಲ್ಲಿ ಬಂದವು, ಹಾಗಾಗಿ ಫ್ರಿಜ್ಜಿನ ತಪ್ಪು ಎರಡಕ್ಕೂ ಸಮಾನವಾಗಿ ಹಂಚಿಹೋಗುತ್ತದೆ. ಉಳಿಯುವ ವ್ಯತ್ಯಾಸ ಬಹುಪಾಲು ಎಣ್ಣೆಯದ್ದೇ. ಹೊರಗೆ ತೆಗೆದಾಗ ಊರಿನ ಎಣ್ಣೆ ಕರಗಿ ನೀರಾದ ಮೇಲೂ ಅಂಗಡಿಯ ಎಣ್ಣೆಯಲ್ಲಿ ಬಿಳಿ ಚೂರುಗಳು ತೇಲುತ್ತಿದ್ದರೆ, 40ನೇ ಕಲಮಿನ ಶುಲ್ಕ ಕಟ್ಟುವ ಯೋಚನೆ ಮಾಡಬಹುದು.